ಕಾಲರ್ ತಿರುವಿದ ಬಿಳಿ ಅಂಗಿಗಳು

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಮುಪ್ಪಿನಕ್ಕ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಹಿಂದಿನ ದಿನವಷ್ಟೇ ಹೊಲಿದು ಬಂದಿದ್ದ ಬಿಳಿ ಅಂಗಿಯೊಂದರ ಕಾಲರನ್ನು ಮರಳು ಕಾಗದದಿಂದ ಉಜ್ಜುತ್ತಿದ್ದಳು.

ಉಜ್ಜುವುದಕ್ಕೂ ಒಂದು ಕ್ರಮವಿತ್ತು. ಮೊದಲು ಕಾಲರಿನ ಮಡಿಕೆ, ಕುತ್ತಿಗೆಯ ಬೆವರು ಸದಾ ತಾಗುವ ಜಾಗ. ಆಮೇಲೆ ತೋಳಿನ ಅಂಚು. ಅದರಲ್ಲೂ ಎಡಗೈಯದಕ್ಕಿಂತ ಬಲಗೈಯದು ಸ್ವಲ್ಪ ಹೆಚ್ಚು. ಮೊಣಕೈ ಕೊನೆಗೆ. ಭುಜಕ್ಕೆ ಕಾಗದ ತಾಗಿಸುವ ಹಾಗಿಲ್ಲ. ಭುಜವನ್ನು ಹಳತು ಮಾಡುವುದು ಬಿಸಿಲು. ಅಲ್ಲಿ ತಿಕ್ಕಿದ ಗುರುತು ಕಂಡರೆ ನೋಡುವ ಕಣ್ಣಿಗೆ ಏನೋ ತಪ್ಪಿದೆ ಅನ್ನಿಸುತ್ತದೆ, ಏನೆಂದು ಹೇಳಲು ಬಾರದಿದ್ದರೂ.

ಸಿನಿಮಾದಲ್ಲಿ ಬಡವರು ತೊಟ್ಟ ಬಟ್ಟೆ ಅಂಗಡಿಯಿಂದ ಆಗಷ್ಟೇ ತಂದ ಹಾಗಿದ್ದರೆ ಯಾರೂ ನಂಬುವುದಿಲ್ಲ. ಅದಕ್ಕೇ ಹೊಸ ಬಟ್ಟೆಯನ್ನು ಸವೆಸಿ, ಮಾಸುವಂತೆ ಮಾಡಿ, ಹಳತಾಗಿಸಿ ಕೊಡುವವರೊಬ್ಬರು ಸ್ಟುಡಿಯೋದಲ್ಲಿ ಬೇಕಾಗುತ್ತದೆ. ಆ ಊರಿನ ಸ್ಟುಡಿಯೋದಲ್ಲಿ ಇಪ್ಪತ್ತೈದು ವರ್ಷಗಳಿಂದ ಈ ಕೆಲಸ ಆಕೆಯದು. ಬಟ್ಟೆಗೆ ಮುಪ್ಪು ತರುವವಳು, ಹಾಗಾಗಿ ಮುಪ್ಪಿನಕ್ಕ. ಹೆಸರು ಬಿದ್ದಾಗ ಇನ್ನೂ ಹುಡುಗಿ. ಈಗ ವಯಸ್ಸು ಹೆಸರನ್ನು ಹುಡುಕಿಕೊಂಡು ಬರುತ್ತಿದೆ ಎಂದು ಆಕೆಯೇ ನಗುತ್ತಾಳೆ.

ಯಾವ ನಿರ್ದೇಶಕ ಬಂದರೂ ಆಕೆ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ವರ್ಷ?" ಮೂರು ವರ್ಷ ಎಂದರೆ ಜೇಬಿನ ಬಾಯಿ ಸಡಿಲವಾಗುತ್ತದೆ, ಅಷ್ಟೇ. ಏಳು ಎಂದರೆ ಮೊಣಕೈಯ ನೂಲು ತೆಳುವಾಗುತ್ತದೆ. ಹತ್ತು ದಾಟಿದರೆ ಕಾಲರು ಬಾಯಿ ಬಿಡುತ್ತದೆ. ಸ್ಟುಡಿಯೋದ ದರ್ಜಿಗೆ ಇದನ್ನು ನೋಡುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಎಲ್ಲರಿಗೂ ಆತ ದರ್ಜಿ ಮಾವ.

"ನಾನು ಹೆತ್ತು ಕೊಡ್ತೀನಿ, ನೀನು ಒಂದೇ ದಿನದಲ್ಲಿ ಅಜ್ಜಿ ಮಾಡಿಡ್ತೀಯಲ್ಲೇ!"

"ನಿಮ್ಮ ಹೊಲಿಗೆ ಗಟ್ಟಿ ಇದ್ರೆ ಅಜ್ಜಿ ಆದ್ರೂ ಓಡಾಡ್ಕೊಂಡಿರ್ತಾಳೆ ಬಿಡಿ ಮಾವ."

ಆಕೆ ಈ ಕೆಲಸಕ್ಕೆ ಬಂದದ್ದು ಒಂದು ಎಡವಟ್ಟಿನಿಂದ. ಮೊದಲು ಊರಿನ ದೊಡ್ಡ ಲಾಂಡ್ರಿಯಲ್ಲಿ ಕಲೆ ತೆಗೆಯುವ ಕೆಲಸ ಮಾಡುತ್ತಿದ್ದಳು; ಅದೇ ಲಾಂಡ್ರಿಯಲ್ಲಿ ಆಕೆಯ ತಾಯಿ ಇಸ್ತ್ರಿಯ ಮೇಜಿನ ಮುಂದೆ ನಿಲ್ಲುತ್ತಿದ್ದಳು. ಒಂದು ದಿನ ಸಿನಿಮಾ ಕಂಪನಿಯ ಬಟ್ಟೆಯ ಗಂಟೊಂದು ಯಾರದೋ ಅವಸರದಲ್ಲಿ ಅಲ್ಲಿಗೆ ಬಂತು. ಒಳಗೆ ನಾಯಕನ ಅಂಗಿ. ಎದೆಯ ಮೇಲೆ ರಕ್ತ, ತೋಳಿನ ಮೇಲೆ ಕೆಸರು. ಎಂಥ ಕಲೆಗೂ ಸೋಲದ ಹುಡುಗಿ ಅದನ್ನು ಬೆಳ್ಳಗೆ ಮಾಡಿ, ಮಡಿಸಿ, ಕಾಗದ ಸುತ್ತಿ ಕಳಿಸಿದಳು. ಹೊಡೆದಾಟದ ದೃಶ್ಯ ಅರ್ಧ ಮುಗಿದಿತ್ತು. ಉಳಿದರ್ಧಕ್ಕೆ ನಾಯಕ ಹೆಣ್ಣು ನೋಡಲು ಹೊರಟವನ ಹಾಗೆ ಬಂದು ನಿಂತ. ಕಂಪನಿಯವರು ಕೂಗಾಡುತ್ತ ಲಾಂಡ್ರಿಗೆ ನುಗ್ಗಿದರು. ಅವರು ತಂದ ಫೋಟೋವನ್ನು ಮುಂದಿಟ್ಟುಕೊಂಡು ಹುಡುಗಿ ಒಂದೊಂದೇ ಕಲೆಯನ್ನು ಇದ್ದ ಜಾಗದಲ್ಲೇ, ಇದ್ದ ಅಳತೆಯಲ್ಲೇ ಮತ್ತೆ ಕೂರಿಸಿಕೊಟ್ಟಳು. ಮಾರನೆಯ ದಿನವೂ ಅವರು ಬಂದರು. ಈ ಸಲ ಮೆಲ್ಲಗೆ ಮಾತಾಡಿದರು.

"ನಾನು ಜೀವಮಾನವೆಲ್ಲ ಬಟ್ಟೆ ಬೆಳ್ಳಗೆ ಮಾಡಿ ಪುಣ್ಯ ಕೂಡಿಟ್ಟೆ," ಎಂದು ತಾಯಿ ನೆರೆಯವರ ಮುಂದೆ ಹೇಳುತ್ತಿದ್ದಳು. "ನನ್ನ ಮಗಳು ಕೂತ್ಕೊಂಡು ಅದನ್ನ ಖರ್ಚು ಮಾಡ್ತಿದ್ದಾಳೆ."

ತಾಯಿಗೆ ಈಗ ಎಪ್ಪತ್ತೈದು ದಾಟಿದೆ. ಬೆನ್ನು ಇಸ್ತ್ರಿ ಮೇಜಿನ ಎತ್ತರಕ್ಕೇ ಬಾಗಿ ನಿಂತುಬಿಟ್ಟಿದೆ. ಮಗಳ ಕೆಲಸದ ಕಡೆಗೆ ಆಕೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಿತ್ತಿಲಿನ ಹಗ್ಗದ ಮೇಲೆ ಮಾಸಿದ ಬಟ್ಟೆಗಳು ತೂಗಾಡುವಾಗ ಮುಖ ತಿರುಗಿಸಿಕೊಂಡು ನಲ್ಲಿಗೆ ಹೋಗಿಬರುತ್ತಿದ್ದಳು.

ಆ ದಿನ ಬೆಳಗ್ಗೆ ಹಾಗೆ ಮಾಡಲಾಗಲಿಲ್ಲ. ಬಟ್ಟೆ ಹೆಚ್ಚಿದ್ದುದರಿಂದ ಹಗ್ಗವನ್ನು ನಲ್ಲಿಗೆ ಅಡ್ಡಲಾಗಿಯೇ ಕಟ್ಟಿತ್ತು. ಎರಡು ಲೋಟ ಚಹಾ ಹಿಡಿದು ಬಂದವಳು ಹಗ್ಗದ ಮುಂದೆ ನಿಂತಳು. ಕಾಲರಿನ ಅಂಗಿಗಳು, ಉದ್ದ ಲಂಗಗಳು. ಹರಿದ ತೋಳುಗಳು. ಮಸಿ, ಮೇಣ, ಜಿಡ್ಡು.

"ಇವ್ಯಾರ ಬಟ್ಟೆ?"

"ನಿಂದೇ ಕಣಮ್ಮ," ಎಂದಳು ಮಗಳು, ಸ್ವಲ್ಪ ಹೆಮ್ಮೆಯಿಂದಲೇ. "ಅಂದ್ರೆ ನಿಮ್ಮೆಲ್ಲರದು. ಟಾಕೀಸಿನ ಮುಂದೆ ಸಾಲಲ್ಲಿ ನಿಂತಿದ್ರಲ್ಲ, ಆ ಸಿನಿಮಾಕ್ಕೆ."

ಆ ಸಾಲಿನ ಕಥೆ ಊರಿಗೆಲ್ಲ ಗೊತ್ತು. ಆಗ ಮುಪ್ಪಿನಕ್ಕ ಎರಡು ವರ್ಷದ ಮಗು. ಸೇತುವೆಯ ಆಚೆ ದಡದಲ್ಲಿ ಇರುವವರು, ಎಂದರೆ ಲಾಂಡ್ರಿಯವರು, ಹೊರೆ ಹೊರುವವರು, ಚರಂಡಿ ತೆಗೆಯುವವರು, ಯಾರೂ ಊರಿನ ಚಿತ್ರಮಂದಿರದ ಮುಂಬಾಗಿಲಿನಿಂದ ಒಳಗೆ ಹೋಗುವ ಹಾಗಿರಲಿಲ್ಲ. ಅವರಿಗೆ ಹಿಂದಿನ ಗೋಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲು, ಮೇಲೆ ಕೂರಲು ಬರಿಯ ಹಲಗೆ. ಲಾಂಡ್ರಿಯ ಹೆಂಗಸರು ಒಂದು ಸಂಜೆ ಮುಂಬಾಗಿಲಿನ ಟಿಕೆಟ್ ಕಿಟಕಿಗೆ ಸಾಲಾಗಿ ಬಂದರು. ಕೆಳಗಿನ ಸೀಟು ಕೇಳಿದರು. ಇಲ್ಲ ಎಂದಾಗ ಜಗಳ ಆಡಲಿಲ್ಲ. ನಮಸ್ಕಾರ ಹೇಳಿ, ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು. ಹೀಗೆ ಪ್ರತಿ ಸಂಜೆ. ಕೊನೆಯಿಲ್ಲದ ಸಾಲಿನಲ್ಲಿ ಸಿಕ್ಕಿದ ಉಳಿದವರಿಗೂ ಟಿಕೆಟ್ ಸಿಗುವ ಹೊತ್ತಿಗೆ ಅರ್ಧ ಸಿನಿಮಾ ಮುಗಿದಿರುತ್ತಿತ್ತು. ಕೊನೆಗೊಮ್ಮೆ ಮುಂಬಾಗಿಲು ತೆರೆಯಿತು.

ತಾಯಿ ಇದನ್ನು ಮನೆಯಲ್ಲಿ ಹೇಳುತ್ತಿದ್ದದ್ದು ತಮಾಷೆಯಾಗಿ ಮಾತ್ರ. "ಮುಂಬಾಗಿಲಿಂದ ಹೋಗಿ ನೋಡಿದ ಮೊದಲ್ನೇ ಸಿನಿಮಾ ಎಷ್ಟು ಕೆಟ್ಟದಾಗಿತ್ತು ಅಂದ್ರೆ, ಅರ್ಧಕ್ಕೇ ನಿದ್ದೆ ಬಂತು. ಆದ್ರೂ ಮೆತ್ತೆ ಮೇಲೆ ನಿದ್ದೆ!"

ಈಗ ಒಬ್ಬ ಯುವ ನಿರ್ದೇಶಕ ಆ ಹೋರಾಟವನ್ನೇ ಸಿನಿಮಾ ಮಾಡುತ್ತಿದ್ದ. ಒಳ್ಳೆಯ ಮನಸ್ಸಿನವನು. ಎಷ್ಟು ವರ್ಷ ಎಂದು ಕೇಳಿದ್ದಕ್ಕೆ ಹೇಳಿದ್ದ: "ಇಪ್ಪತ್ತು ಹಾಕಿ ಅಕ್ಕ. ಹರಿದಿರ್ಲಿ, ಕೊಳೆ ಇರ್ಲಿ. ನೋಡಿದವರಿಗೆ ಅಯ್ಯೋ ಅನ್ನಿಸ್ಬೇಕು." ತಾಯಿಯ ಸಿನಿಮಾ ಎಂದು ಮುಪ್ಪಿನಕ್ಕ ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದಳು. ಮಾದರಿ ಬಟ್ಟೆ ತೊಡಿಸಿ ನಟಿಯರಿಗೆ ಅಭ್ಯಾಸ ಮಾಡಿಸಿದ ನಿರ್ದೇಶಕ ಕುಣಿದಾಡಿದ್ದ. ಇನ್ನೆರಡು ದಿನಕ್ಕೆ ಚಿತ್ರೀಕರಣ.

ತಾಯಿ ಲೋಟಗಳನ್ನು ಕಲ್ಲಿನ ಮೇಲಿಟ್ಟಳು. ಹರಿದ ತೋಳೊಂದರೊಳಗೆ ಬೆರಳು ತೂರಿಸಿದಳು. ಕಾಲರನ್ನು ಮೂಗಿಗೆ ಹಿಡಿದಳು.

"ಇದನ್ನ ಹಾಕ್ಕೊಂಡು ನಾನು ಮುಂಬಾಗಿಲಿಗೆ ಹೋಗಿದ್ನಾ?"

"ಇಪ್ಪತ್ತು ವರ್ಷ ಹಳೇದು ಬೇಕಂತಮ್ಮ."

"ಅಲ್ಲಿ ಬೋರ್ಡಲ್ಲಿ ಏನು ಬರೆದಿತ್ತು ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಬೋರ್ಡಿತ್ತು ಎಂದು ಗೊತ್ತು, ಅಷ್ಟೇ. ತಾಯಿ ಅದನ್ನು ಒಂದಕ್ಷರ ಬಿಡದೆ ಹೇಳಿದಳು: "ಮೆತ್ತೆಯ ಆಸನಗಳು ಕೊಳೆಯಾಗುವುದರಿಂದ ಸೇತುವೆಯಾಚೆಯವರು ಹಿಂದಿನ ಮೆಟ್ಟಿಲನ್ನು ಬಳಸತಕ್ಕದ್ದು."

ಹಿಡಿದಿದ್ದ ಕಾಲರನ್ನು ಬಿಟ್ಟು, "ಆ ಮೆತ್ತೆ ಕವರುಗಳು ಎಲ್ಲಿಗೆ ಬರ್ತಿದ್ವು ಒಗೆಯೋಕೆ? ನಮ್ಮಲ್ಲಿಗೇ. ಇಸ್ತ್ರಿ ಮಾಡ್ತಿದ್ದೋಳು ನಾನೇ. ಯಾವ ದೊಡ್ಡ ಮನುಷ್ಯನ ತಲೆ ಎಣ್ಣೆ ಯಾವ ಸೀಟಿಗೆ ಅಂಟಿದೆ ಅಂತ ನಂಗೆ ಬಾಯಿಪಾಠ ಇತ್ತು," ಎಂದಳು. "ಅದಕ್ಕೇ ನಾವೆಲ್ಲ ಬಿಳೀದೇ ಹಾಕ್ಕೊಂಡು ಹೋದ್ವಿ. ಇದ್ದದ್ದು ಹಳೇದೇ. ಕಾಲರ್ ಹರಿದಿದ್ರೆ ಬಿಚ್ಚಿ, ಒಳಭಾಗ ಮೇಲೆ ಬರೋ ಹಾಗೆ ತಿರುವಿ ಹೊಲ್ಕೊಂಡ್ವಿ. ಗಂಜಿ ಹಾಕಿದ್ವಿ. ಮನೆಯಿಂದ ಟಾಕೀಸಿಗೆ ಕಾಲು ಗಂಟೆ ದಾರಿ, ಅಷ್ಟು ದೂರವೂ ಲಂಗ ಎತ್ತಿ ಹಿಡ್ಕೊಂಡು, ಧೂಳು ಕೂರದ ಹಾಗೆ ಹುಲ್ಲಿನ ಮೇಲೆ ನಡ್ಕೊಂಡು ಹೋದ್ವಿ. ಕಿಟಕಿಯೋನಿಗೆ ಕೊಳೆ ಅನ್ನೋಕೆ ಒಂದು ಚುಕ್ಕೆನೂ ಸಿಗಬಾರ್ದು ಅಂತ. ನೀನೀಗ ಏನು ಮಾಡಿದೀಯ ನೋಡು. ಬೋರ್ಡ್ ಬರೆದೋನು ಸರಿಯಾಗೇ ಬರೆದಿದ್ದ ಅಂತ ಸಾಕ್ಷಿ ಹೇಳಿದೀಯ."

ಚಹಾ ಕುಡಿಯದೆ ಒಳಗೆ ಹೋದಳು.

ಮುಪ್ಪಿನಕ್ಕ ಕೈಯಲ್ಲಿದ್ದ ಮರಳು ಕಾಗದವನ್ನು ನೋಡುತ್ತ ಕೂತಳು. ಬಡವರ ಬಟ್ಟೆ ಎಂದ ಕೂಡಲೇ ಆಕೆಯ ಕೈ ಅಭ್ಯಾಸದಿಂದ ಮಸಿಯ ಡಬ್ಬಿಗೆ ಹೋಗಿತ್ತು. ಹಳೆಯದು ಬೇರೆ, ಕೊಳೆಯಾದದ್ದು ಬೇರೆ ಎಂಬುದು ಲಾಂಡ್ರಿಯಲ್ಲಿ ಬೆಳೆದವಳಿಗೆ ಗೊತ್ತಿರಬೇಕಾಗಿತ್ತು. ಇಪ್ಪತ್ತೈದು ವರ್ಷ ಎರಡನ್ನೂ ಒಂದೇ ಡಬ್ಬಿಯಿಂದ ತೆಗೆದು ಬಳಿದಿದ್ದಳು.

ನಿರ್ದೇಶಕನಿಗೆ ಫೋನು ಮಾಡಿದಳು. ಆತ ಪೂರ್ತಿ ಕೇಳಲಿಲ್ಲ.

"ಅಕ್ಕ, ಇದು ಹೋರಾಟದ ಸಿನಿಮಾ. ಸೋಪಿನ ಜಾಹೀರಾತಲ್ಲ. ಈಗಿರೋದೇ ಅದ್ಭುತವಾಗಿದೆ, ಮುಟ್ಟಬೇಡಿ."

ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳಿದ ಮೇಲೂ ಆಕೆ ಹಂಡೆಗೆ ನೀರು ತುಂಬಿಸಿ ಒಲೆ ಹಚ್ಚಿದಳು.

ದರ್ಜಿ ಮಾವ ಸುದ್ದಿ ಕೇಳಿ ಹೊಲಿಗೆ ಮಷೀನನ್ನು ಆಟೋದಲ್ಲಿ ಹೇರಿಕೊಂಡು ಬಂದ. ಹಗ್ಗವನ್ನೂ ಹಂಡೆಯನ್ನೂ ನೋಡಿ ಹಣೆ ಚಚ್ಚಿಕೊಂಡ.

"ತಲೆ ಕೆಟ್ಟಿದ್ಯೇನೇ? ಮುಪ್ಪು ತರಬಹುದು, ವಾಪಸ್ ತೆಗೆಯೋಕಾಗುತ್ತಾ? ಹೊಸದು ಹೊಲಿಯೋಕೆ ಬಟ್ಟೆನೂ ಇಲ್ಲ, ಟೈಮೂ ಇಲ್ಲ."

"ವಾಪಸ್ ತೆಗೆಯೋದು ಬೇಡ ಮಾವ. ಕೊಳೆ ನಾನು ತೆಗೀತೀನಿ. ಹರಿದದ್ದು ಹರಿದ ಹಾಗೇ ಕಾಣ್ಲಿ, ಆದ್ರೆ ಹೊಲಿದಿರ್ಬೇಕು. ಕಾಲರ್ ಎಲ್ಲಾ ಬಿಚ್ಚಿ ತಿರುವಿಹಾಕಿ."

"ಡೈರೆಕ್ಟ್ರು ಬೇಡ ಅಂದ್ರೆ?"

"ನಾಳಿದ್ದಿಂದ ನಾನು ಮನೇಲಿರ್ತೀನಿ. ಅಮ್ಮನಿಗೆ ಖುಷಿ, ಪುಣ್ಯ ಖರ್ಚಾಗಲ್ಲ."

ನಗುತ್ತಲೇ ಹೇಳಿದಳು, ಆದರೆ ಮಾವ ನಗಲಿಲ್ಲ. ಈ ಕೆಲಸ ಗೊತ್ತಿದ್ದವರಿಗೆ ಆ ಊರಿನಲ್ಲಿ ಬೇರೆ ಸ್ಟುಡಿಯೋ ಇರಲಿಲ್ಲ. ಆತ ಮಷೀನಿಗೆ ದಾರ ಪೋಣಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಇಪ್ಪತ್ತೈದು ವರ್ಷದಲ್ಲಿ ಮೊದಲ್ನೇ ಸಲ ನನ್ನ ಕೂಸುಗಳಿಗೆ ಔಷಧಿ ಹಾಕ್ತಿದೀಯ ನೀನು," ಎಂದು ಗೊಣಗಿದ.

ಮೇಣವನ್ನು ಕಾಗದದ ನಡುವೆ ಇಟ್ಟು ಬಿಸಿ ಇಸ್ತ್ರಿಯಿಂದ ಕರಗಿಸಿ ಹೀರಿಸಿದಳು. ಜಿಡ್ಡಿಗೆ ಸೋಡಾ ಹಾಕಿ ಕುದಿಸಿದಳು. ಮಸಿ ಹೋಗುವವರೆಗೆ ನೀರು ಬದಲಾಯಿಸಿದಳು. ಮರಳು ಕಾಗದದ ಕೆಲಸ ದಂಡವಾಗಲಿಲ್ಲ. ತೆಳುವಾದ ಮೊಣಕೈಯ ಮೇಲೆ ಒಪ್ಪವಾಗಿ ಕೂತ ತೇಪೆ, ತಿರುವಿದ ಕಾಲರು, ಒಂದಕ್ಕೊಂದು ಹೋಲದಿದ್ದರೂ ಒಂದೂ ತಪ್ಪದ ಗುಂಡಿಗಳು: ಬಟ್ಟೆಗಳು ಈಗ ನಿಜವಾಗಿ ಹಳೆಯವಾಗಿ ಕಾಣತೊಡಗಿದವು, ಯಾರೋ ವರ್ಷಗಟ್ಟಲೆ ಜೋಪಾನ ಮಾಡಿ ಉಳಿಸಿಕೊಂಡ ಹಾಗೆ. ತಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಆಕೆ ಬಾಯಿ ತೆರೆದದ್ದು, ಕೊನೆಯಲ್ಲಿ ಮಗಳು ಬಿಳಿ ಅಂಗಿಗಳನ್ನು ಚಹಾ ನೀರಿನಲ್ಲಿ ಅದ್ದಲು ಹೋದಾಗ.

"ಏಯ್! ಮತ್ತೆ ಶುರು ಮಾಡಿದ್ಯಾ?"

"ಅಮ್ಮ, ಅಪ್ಪಟ ಬಿಳಿ ಕ್ಯಾಮೆರಾಕ್ಕೆ ಆಗಲ್ಲ. ಬೆಳಕು ಬಿದ್ರೆ ಉರಿದುಹೋದ ಹಾಗೆ ಕಾಣುತ್ತೆ, ಮುಖ ಕಪ್ಪಾಗುತ್ತೆ. ಒಂಚೂರು ಚಹಾ ತಾಗಿದ್ರೇನೇ ಪರದೆ ಮೇಲೆ ಬೆಳ್ಳಗೆ ಕಾಣೋದು."

"ನಂಗೇ ಬಿಳಿ ಅಂದ್ರೇನು ಅಂತ ಹೇಳ್ಕೊಡ್ತೀಯಾ?"

"ಲಾಂಡ್ರೀಲಿ ನೀನು ಬಟ್ಟೆಗೆ ನೀಲಿ ಹಾಕ್ತಿರ್ಲಿಲ್ವಾ, ಬೆಳ್ಳಗೆ ಕಾಣ್ಲಿ ಅಂತ? ನಿನ್ನ ಗಿರಾಕಿಗೆ ನೀಲಿ, ನನ್ನ ಗಿರಾಕಿಗೆ ಚಹಾ."

ಮಗಳು ಒಂದೇ ಒಂದು ಅಂಗಿಯನ್ನು ಅದ್ದಿ, ಅದ್ದದ ಇನ್ನೊಂದರ ಪಕ್ಕದಲ್ಲಿ ಬಿಸಿಲಿಗೆ ಹಿಡಿದು, ಎರಡನ್ನೂ ಫೋನಿನ ಕ್ಯಾಮೆರಾದಲ್ಲಿ ತೋರಿಸಿದಳು. ತಾಯಿ ಕಣ್ಣು ಕಿರಿದು ಮಾಡಿ ನೋಡಿದಳು. ಸೋತೆ ಎಂದು ಆಕೆ ಜನ್ಮದಲ್ಲಿ ಹೇಳಿದವಳಲ್ಲ. "ಅದ್ದು. ಆದ್ರೆ ಇಸ್ತ್ರಿ ನಂದು," ಎಂದಳು.

ಹಾಗೆ ಚಿತ್ರೀಕರಣದ ಬೆಳಗ್ಗೆ ತಾಯಿ, ಮಗಳು, ದರ್ಜಿ ಮಾವ ಮೂವರೂ ಇಸ್ತ್ರಿ ಪೆಟ್ಟಿಗೆಯ ಜೊತೆ ಸ್ಟುಡಿಯೋಕ್ಕೆ ಬಂದರು. ಚಿತ್ರಮಂದಿರದ ಹಳೆಯ ಮುಂಬಾಗಿಲನ್ನು ಹಲಗೆಯಲ್ಲಿ ಕಟ್ಟಿ ನಿಲ್ಲಿಸಿದ್ದರು, ಕಿಟಕಿ, ಬೋರ್ಡು ಎಲ್ಲ ಸಮೇತ. ನಟಿಯರು ಬಟ್ಟೆ ಹಾಕಿಕೊಂಡು ಬಂದು ನಿಂತರು. ನಿರ್ದೇಶಕ ನೋಡಿದ. ಮುಖ ಕೆಂಪಾಯಿತು.

"ಏನಕ್ಕ ಇದು? ಮುಟ್ಟಬೇಡಿ ಅಂದಿರ್ಲಿಲ್ವಾ? ಇವರನ್ನ ನೋಡಿ ಯಾರಿಗೆ ಅಯ್ಯೋ ಅನ್ನಿಸುತ್ತೆ?"

ಮೂಲೆಯಲ್ಲಿ ಕೊನೆಯ ಲಂಗಕ್ಕೆ ಇಸ್ತ್ರಿ ಎಳೆಯುತ್ತಿದ್ದ ತಾಯಿ ತಲೆ ಎತ್ತದೆ ಹೇಳಿದಳು: "ಅಯ್ಯೋ ಅನ್ನಿಸ್ಕೊಳ್ಳೋಕೆ ನಾವಲ್ಲಿ ನಿಂತಿರ್ಲಿಲ್ಲ ಕಣಪ್ಪ. ಟಿಕೆಟ್ ತಗೊಳ್ಳೋಕೆ ನಿಂತಿದ್ವಿ."

"ಇವರು ಯಾರು?"

"ನಮ್ಮಮ್ಮ," ಎಂದಳು ಮುಪ್ಪಿನಕ್ಕ. "ಆ ಸಾಲಲ್ಲಿ ಇದ್ದವರು. ತಪ್ಪು ನಂದು ಸರ್. ಮೊದಲು ಮಾಡಿದ್ದೂ ನಾನೇ, ಬಿಚ್ಚಿದ್ದೂ ನಾನೇ. ಒಂದು ಸಲ ತೆಗೆದು ನೋಡಿ. ಬೇಡ ಅನ್ನಿಸಿದ್ರೆ ನಾನು ಹೋಗ್ತೀನಿ."

ನಿರ್ದೇಶಕ ಗಡಿಯಾರ ನೋಡಿಕೊಂಡ. ಬೇರೆ ಬಟ್ಟೆ ಇರಲಿಲ್ಲ. "ಒಂದೇ ಸಲ," ಎಂದ. "ಸರಿ ಬರ್ಲಿಲ್ಲ ಅಂದ್ರೆ ನಾಳೆ ಬೇರೆಯವರನ್ನ ಕರೆಸ್ತೀನಿ."

ದೃಶ್ಯ ಸರಳ. ಸಾಲಿನ ಮೊದಲ ಹೆಂಗಸು ಕೆಳಗಿನ ಸೀಟು ಕೇಳಬೇಕು. ಕಿಟಕಿಯ ಹಿಂದಿನ ಟಿಕೆಟ್ಟಿನವನು, "ಸೀಟು ಕೊಳೆಯಾಗುತ್ತೆ, ಹಿಂದಿನ ಮೆಟ್ಟಿಲು," ಎನ್ನಬೇಕು. ಹರಿದ ಬಟ್ಟೆಯಲ್ಲಿ ಅಭ್ಯಾಸ ಮಾಡಿದ್ದಾಗ ಆ ಮಾತು ಸಲೀಸಾಗಿ ಬಂದಿತ್ತು. ಹೆಂಗಸರೂ ತಲೆ ತಗ್ಗಿಸಿ ನಿಂತಿದ್ದರು. ಈ ಸಲ ತಗ್ಗಿಸಲು ಆಗಲಿಲ್ಲ. ಗಂಜಿ ಹಾಕಿದ ಕಾಲರು ಗದ್ದದ ಕೆಳಗೆ ಸೆಟೆದು ನಿಲ್ಲುತ್ತದೆ, ಕುತ್ತಿಗೆ ಬಾಗಲು ಬಿಡುವುದಿಲ್ಲ. ಸಾಲಿಗೆ ಸಾಲೇ ನೆಟ್ಟಗೆ ನಿಂತಿತ್ತು. ಮೊದಲಿನವಳು ಕಿಟಕಿಯೊಳಗೆ ಕೈ ಚಾಚಿದಳು. ಟಿಕೆಟ್ಟಿನವನ ಪಾತ್ರಧಾರಿ ಆ ತೋಳಿನ ಅಂಚನ್ನು ನೋಡಿದ, ತನ್ನ ಅಂಗಿಯ ಅಂಚನ್ನು ನೋಡಿಕೊಂಡ. ಅವನದು ಮಾಸಿತ್ತು. "ಸೀಟು..." ಎಂದವನು ನಿಂತ. ಬೋರ್ಡಿನ ಕಡೆ ತಿರುಗಿ, ಮಿಕ್ಕದ್ದನ್ನು ಅದರಿಂದ ಓದುವವನ ಹಾಗೆ ತಗ್ಗಿದ ದನಿಯಲ್ಲಿ ಮುಗಿಸಿದ. ಹೆಂಗಸು ನಮಸ್ಕಾರ ಹೇಳಿ ಸಾಲಿನ ಕೊನೆಗೆ ನಡೆದಳು.

ನಿರ್ದೇಶಕ ಎದ್ದು ಹೋಗಿ ಬೋರ್ಡನ್ನು ತಾನೇ ಕೈಯಾರೆ ಸ್ವಲ್ಪ ಕೆಳಗಿಳಿಸಿದ, ಅಕ್ಷರಗಳೂ ಬಿಳಿ ತೋಳೂ ಒಟ್ಟಿಗೆ ಕಾಣುವ ಹಾಗೆ. ಮುಪ್ಪಿನಕ್ಕ ಕೆಲಸದ ಚೀಲಕ್ಕೆ ಸಾಮಾನು ತುಂಬುತ್ತಿದ್ದಳು.

"ಎಲ್ಲಿಗಕ್ಕ?" ಎಂದ ಆತ. "ಮಧ್ಯಾಹ್ನದ ಹೊತ್ತಿಗೆ ಗಂಜಿ ಮೆತ್ತಗಾಗಿಬಿಡುತ್ತೆ. ಇಲ್ಲೇ ಇರಿ. ಅಜ್ಜಿನೂ ಇರ್ಲಿ."

"ಅಜ್ಜಿ ಯಾರೋ ನಿಂಗೆ?" ಎಂದಿತು ಇಸ್ತ್ರಿಯ ಮೂಲೆ.

ಸಿನಿಮಾ ಮೊದಲು ಪ್ರದರ್ಶನವಾದದ್ದು ಆ ಹಳೆಯ ಚಿತ್ರಮಂದಿರದಲ್ಲೇ. ತಾಯಿ ಕಾಲರು ತಿರುವಿದ ತನ್ನ ಹಳೆಯ ಅಂಗಿ ತೊಟ್ಟು, ಮಗಳ ತೋಳು ಹಿಡಿದು ಮುಂಬಾಗಿಲಿನಿಂದ ಒಳಗೆ ಬಂದಳು. ಕೂರುವ ಮೊದಲು ಸೀಟಿನ ಕವರನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇಸ್ತ್ರಿನೇ ಇಲ್ಲ," ಎಂದಳು. ದೀಪ ಆರಿತು. ಪರದೆಯ ಮೇಲೆ ಸಾಲು ಬಂದಾಗ ಮುಪ್ಪಿನಕ್ಕ ಸಿನಿಮಾ ನೋಡಲಿಲ್ಲ, ಪಕ್ಕಕ್ಕೆ ನೋಡಿದಳು. ತಾಯಿಯ ಕೈ ಮೆಲ್ಲಗೆ ಮೇಲೆ ಹೋಗಿ ತನ್ನದೇ ಕಾಲರನ್ನು ಸರಿ ಮಾಡಿಕೊಂಡಿತು. ಪರದೆಯ ಮೇಲೆ ಮುಂದಿನ ಸರದಿ ತನ್ನದೇ ಎಂಬಂತೆ.

"ನಿದ್ದೆ ಬರ್ತಿಲ್ವಾ?" ಎಂದು ಮಗಳು ಪಿಸುಗುಟ್ಟಿದಳು.

"ಸುಮ್ನಿರೇ. ಸಾಲು ಮುಂದೆ ಹೋಗ್ತಿದೆ."

ಮುಗಿದ ಮೇಲೆ ವೇದಿಕೆಯ ಹತ್ತಿರ ಮಾತುಕತೆ ನಡೆಯಿತು. ಉಡುಪಿನ ಕೆಲಸ ಕಲಿಯುತ್ತಿದ್ದ ಯುವತಿಯೊಬ್ಬಳು ಎದ್ದು ನಿಂತಳು. ಆ ಬಿಳಿ ಅಂಗಿಗಳು ಹಳೆಯವೂ ಹೌದು, ಹೊಳೆಯುತ್ತಲೂ ಇದ್ದವು, ಅದು ಹೇಗೆ ಎಂದು ತನಗೆ ತಿಳಿಯುತ್ತಿಲ್ಲ ಎಂದಳು. ಆಮೇಲೆ ಕೇಳಿದಳು: "ಅವಕ್ಕೆ ಎಷ್ಟು ವರ್ಷ ಕೊಟ್ರಿ ಅಕ್ಕ?"

ಇಪ್ಪತ್ತೈದು ವರ್ಷ ತಾನೇ ಕೇಳುತ್ತಿದ್ದ ಪ್ರಶ್ನೆ ಈಗ ತನ್ನ ಕಡೆಗೇ ಬಂದಿತ್ತು. ಮುಪ್ಪಿನಕ್ಕ ಒಮ್ಮೆ ತಾಯಿಯ ಕಡೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ನೂಲಿಗೆ ಇಪ್ಪತ್ತು ವರ್ಷ. ಕೊಳೆಗೆ, ಮನೆಯಿಂದ ಈ ಬಾಗಿಲಿನವರೆಗೆ ನಡೆಯೋವಷ್ಟು. ಕಾಲು ಗಂಟೆ."